ಹೆಪ್ಪಿನ ಆಯ್ಕೆ

ಸಾಂಗಲಿ ಪೇಟೆಯ ಬೆಲ್ಲ, ತಾಸಗಾವಿಯ ದ್ರಾಕ್ಷಿ ಇವೆರಡೂ ಕೈಗೆ ಸಿಗುವ ಈ ಸೀಮೆಯಲ್ಲಿ ದ್ರಾಕ್ಷಾರಿಷ್ಟದ ಹೆಸರು ಕೇಳದ ಮನೆ ವಿರಳ. ಆದರೆ ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಕೂಡಿಸಿದ ಮಾತ್ರಕ್ಕೆ ಅದು ಅರಿಷ್ಟವಾಗದು. ಧಾತಕಿ ಹೂವೂ ಅದರಲ್ಲಿ ಬೀಳಬೇಕು. ಮಿರಜದ ಗಿಡಮೂಲಿಕೆ ಅಂಗಡಿಗಳಲ್ಲಿ ‘ಧಾಯಟಿ’ ಎಂದು ಕೇಳಿದರೆ ಕೊಡುವ ಕೆಂಪು ಹೂವೇ ಅದು. ಹೂವಿನೊಡನೆ ಬರುವ ಕಣ್ಣಿಗೆ ಕಾಣದ ಯೀಸ್ಟು ಸಿಹಿಯನ್ನುಂಡು ಮದ್ಯಸಾರವನ್ನು ಹುಟ್ಟಿಸುತ್ತದೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಇಂಥ ಹೆಪ್ಪನ್ನೇ ‘ಕಿಣ್ವ’ವೆಂದು ಕರೆದು, ಉದ್ದು ಅಕ್ಕಿಗಳಿಂದ ಅದನ್ನು ಸಿದ್ಧಗೊಳಿಸುವ ಕ್ರಮವನ್ನು ಹೇಳಿರುವನು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇತ್ತೀಚೆಗೆ ಒಂದು ಪ್ರಶ್ನೆ ಕೇಳಿದನು: “ಗುರುಗಳೇ, ಕಡು ಸ್ಟೌಟ್ ಮಾಡಬೇಕೆಂದಿದ್ದೇನೆ. ಯಾವ ಯೀಸ್ಟ್ ಹಾಕಲಿ?” ಹುರಿದು ಕಪ್ಪಾಗಿಸಿದ ಜವೆಗೋದಿಯಿಂದಾಗುವ ಬಿಯರೇ ಸ್ಟೌಟ್. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಲು ಆ ದೇಶದಲ್ಲಿ 1963ರಿಂದ ಪರವಾನಿಗೆ ಬೇಕಿಲ್ಲ. ಊರಿನ ಹಿರಿಯರೊಬ್ಬರು, “ಮಾಸ್ತರರಿಗೆ ಕೇಳುವ ಮಾತೇ ಇದು?” ಎಂದು ಮುನಿದರು. ಅವರ ಮುನಿಸು ನಿರಾಧಾರವಲ್ಲ. ತಂದೆಯ ಕುಡಿತದಿಂದ ಪಾಟಿ ಪುಸ್ತಕವಿಲ್ಲದೆ ಬಂದ ಮಕ್ಕಳನ್ನು ನಾವು ನಮ್ಮ ಶಾಲೆಯಲ್ಲಿಯೇ ಕಂಡಿದ್ದೇವೆ. ಆದರೂ ಕೇಳಿದವನಿಗೆ ನಿಜವನ್ನು ಹೇಳದಿರುವುದು ಶಿಕ್ಷಕನ ಧರ್ಮವಲ್ಲ.

ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಈ ಲೆಕ್ಕ ಹೊಸದಲ್ಲ. ಚಳಿಗಾಲದಲ್ಲಿ ಹೆಪ್ಪು ಹೆಚ್ಚು ಬೇಕು. ಹುಳಿ ಹೆಪ್ಪಿನಿಂದ ಹುಳಿ ಮೊಸರೇ ಆಗುವುದು. ಸ್ಟೌಟಿಗೂ ಮೊದಲು ನೋಡಬೇಕಾದುದು ಯೀಸ್ಟಿನ ತಾಳಿಕೆ. ಮದ್ಯಸಾರವು ನೂರಕ್ಕೆ 8-10 ಭಾಗಕ್ಕೇರಿದಾಗ ಬಿಯರಿನ ಅನೇಕ ತಳಿಗಳು ಸೋಲುತ್ತವೆ. ಹುದುಗದ ಸಕ್ಕರೆಯುಳಿದು ಪಾನವು ಪಾಕದಂತಾಗುತ್ತದೆ. ಇಂಗ್ಲಿಷ್ ತಳಿಗಳಲ್ಲಿ ಹಲವು ಬೇಗನೆ ತಳಕ್ಕಿಳಿದು ಸಿಹಿಯನ್ನುಳಿಸುವಂಥವು. ಐರಿಷ್ ತಳಿ ಸಿಹಿಯನ್ನು ಇನ್ನಷ್ಟು ಕಳೆಯುತ್ತದೆ. ಬ್ರೆಡ್ಡಿನ ಯೀಸ್ಟು ಹಿಟ್ಟನ್ನುಬ್ಬಿಸಲು ಆರಿಸಿದ್ದು. ಇಲ್ಲಿ ಅದು ಸಲ್ಲದು. ಎರಡನೆಯದು ಪ್ರಮಾಣ. ಸಿಹಿ ಗಟ್ಟಿಯಾದಷ್ಟೂ ಯೀಸ್ಟಿಗೆ ಹೊರೆ ಹೆಚ್ಚು. ಆದ್ದರಿಂದ ಸಾದಾ ಬಿಯರಿನ ಸುಮಾರು ಇಮ್ಮಡಿ ಹಾಕಿ, ಆರಂಭದಲ್ಲಿ ಗಾಳಿ ಬೆರೆಯುವಂತೆ ಚೆನ್ನಾಗಿ ಕಲಕಬೇಕು. ಮೂರನೆಯದು ಉಷ್ಣತೆ. ಮೊದಲ ದಿನಗಳಲ್ಲಿ 18-20 ಡಿಗ್ರಿ ಸೆಲ್ಸಿಯಸ್ ಮೀರಿದರೆ ರುಚಿ ಕಟುವಾಗುವ ಭಯವುಂಟು.

ಹೀಗೆ ತಳಿಯನ್ನು ಆರಿಸಿಕೊಳ್ಳುವ ಸೌಕರ್ಯ ಬಹಳ ಹಳೆಯದಲ್ಲ. ಹುದುಗುವಿಕೆ ಜೀವಿಗಳ ಕಾರ್ಯವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ ವಾದಿಸಿದರು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದರು. 1883ರಲ್ಲಿ ಅದು ಬಳಕೆಗೆ ಬಂದಿತು. ನಮ್ಮ ಧಾತಕಿ ಹೂವಿನಲ್ಲಿ ಯಾವ ತಳಿ ಬಂದಿದೆಯೆಂದು ಹೊರಗಿನಿಂದ ತಿಳಿಯದು. ಒಮ್ಮೆ ಒಂದು ಭರಣಿ ಚೆನ್ನಾಗಿ, ಇನ್ನೊಂದು ಹುಳಿಯಾಗಿ ಹೋಗುವುದು ಇದರಿಂದಲೂ ಉಂಟು.

ವಾಚಕರು ಇದನ್ನೋದಿ ಭರಣಿ ತೊಳೆಯಲು ಹೊರಡಬಾರದು. ಮಹಾರಾಷ್ಟ್ರದಲ್ಲಿ ಪರವಾನಿಗೆಯಿಲ್ಲದೆ ಮದ್ಯ ಮಾಡುವುದು 1949ರ ಮದ್ಯನಿಷೇಧ ಕಾಯಿದೆಯಂತೆ ಅಪರಾಧ. ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಬೇಕು. ತಾನು ಹುಟ್ಟಿಸಿದ ಮದ್ಯಸಾರ ಮಿತಿಮೀರಿದೊಡನೆ ಯೀಸ್ಟು ತನ್ನ ಕೆಲಸವನ್ನು ನಿಲ್ಲಿಸುತ್ತದೆ. ಮನುಷ್ಯನಿಗೆ ಪ್ರಕೃತಿ ಅಂಥ ತಡೆಯನ್ನಿಟ್ಟಿಲ್ಲ. ತನ್ನ ಮಿತಿಯನ್ನು ಅವನೇ ಆರಿಸಿಕೊಳ್ಳಬೇಕು.