ಮತ್ತಿಘಟ್ಟದಲ್ಲಿ ಮಾರ್ವಾ

ಆಷಾಢದ ಮಳೆಯಲ್ಲಿ ಶಿರಸಿಯಿಂದ ಮತ್ತಿಘಟ್ಟದ ಕಡೆಗೆ ಹೊರಟವರಿಗೆ ಅವಸರವಿರಕೂಡದು. ಪೇಟೆಯ ಗದ್ದಲ ಹಿಂದೆ ಬಿದ್ದು, ಗದ್ದೆಗಳ ಹಸುರು ಕಳೆದು, ಕಾಡು ರಸ್ತೆಯ ಎರಡು ಬದಿಗೂ ಒತ್ತಿಕೊಂಡು ಬಂದ ಮೇಲೆ ಬಸ್ಸಿನ ವೇಗ ತಾನಾಗಿಯೇ ಇಳಿಯುತ್ತದೆ. ಊರಿನ ಹೆಸರಿನೊಳಗೆ ಮತ್ತಿಯೂ ಇದೆ, ಘಟ್ಟವೂ ಇದೆ. ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯ ಮತ್ತಿಯ ಮರವನ್ನು ಒಮ್ಮೆ ಗುರುತಿಸಿದವರು ಮರೆಯಲಾರರು. ಘಟ್ಟವನ್ನಂತೂ ಕಾಲೇ ನೆನಪಿಸುತ್ತದೆ. ಊರೆಂದರೆ ಸಾಲುಮನೆಗಳ ಬೀದಿ ಎಂದು ತಿಳಿದ ಬಯಲುಸೀಮೆಯವರಿಗೆ ಇಲ್ಲಿ ಊರೇ ಕಾಣದು. ಕಾಣುವುದು ಗುಡ್ಡ, ಗುಡ್ಡದ ಕೆಳಗೆ ಅಡಿಕೆಯ ತೋಟ, ತೋಟದ ತಲೆಯಲ್ಲಿ ಒಂದು ಮನೆ, ಮನೆಯಿಂದೇಳುವ ಬಚ್ಚಲೊಲೆಯ ಹೊಗೆ.

ಇಂಥದೊಂದು ಮನೆಯ ಜಗಲಿಯನ್ನು ಬೆಂಗಳೂರಿನ ತರುಣನೊಬ್ಬನು ಸಂಜೆಯ ಹೊತ್ತಿಗೆ ಏರಿದನು. ಕೈಯಲ್ಲೊಂದು ಪೊಟ್ಟಣ, ಮನಸ್ಸಿನಲ್ಲೊಂದು ಸಂದೇಶ. ಪೊಟ್ಟಣವನ್ನೂ ಸಂದೇಶವನ್ನೂ ಕೊಟ್ಟು ಕಳುಹಿಸಿದವನು ಪರದೇಶದಲ್ಲಿರುವ ಅವನ ಗೆಳೆಯ, ಆ ಮನೆಯ ಒಬ್ಬನೇ ಮಗ. ತೋಟವನ್ನು ಮಾರಿ ತಂದೆತಾಯಿಗಳು ಬೆಂಗಳೂರಿಗೆ ಬಂದು ನೆಲಸಲಿ ಎಂಬುದು ಸಂದೇಶ. ಪೊಟ್ಟಣವನ್ನು ಒಡನೆಯೇ ಕೊಟ್ಟಾಯಿತು. ಸಂದೇಶಕ್ಕೆ ಸಮಯ ಒದಗಬೇಕಾಗಿತ್ತು.

“ಆಸರಿಗೆ ಏನು ಕೊಡಲಿ?” ಎಂದು ಮನೆಯಾಕೆ ಕೇಳಿದರು. ಬೆಲ್ಲದ ಕಷಾಯ ಬಂತು. ಯಜಮಾನರು ಕವಳದ ತಟ್ಟೆಯನ್ನು ಮುಂದೆ ನೂಕಿ ಮಳೆಯ ಮಾತನ್ನೇ ಆಡಿದರು. ಮಲೆನಾಡಿನ ತೋಟಿಗರಿಗೆ ಅದು ಕಾಲಹರಣದ ಮಾತಲ್ಲ. ಮಳೆ ಹಿಡಿದುಕೊಂಡಿತೆಂದರೆ ಕೊಳೆರೋಗ. ಎಳೆಯ ಕಾಯಿಗಳು ರಾತ್ರಿಯೆಲ್ಲ ಉದುರುವ ಸದ್ದು ಮಲಗಿದವರಿಗೆ ಕೇಳಿಸುತ್ತದೆ. ಮಳೆಗೆ ಮುನ್ನ ಒಮ್ಮೆ, ಸುಮಾರು 40 ದಿನ ಕಳೆದು ಇನ್ನೊಮ್ಮೆ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಕೊನೆಗಳಿಗೆ ಹೊಡೆಸಬೇಕು. ಎರಡನೆಯ ಸಲಕ್ಕೆ ಒಂದೆರಡು ದಿನದ ಹೊಳವು ಸಿಕ್ಕಬೇಕು, ಮರವೇರಬಲ್ಲ ಕೊನೆಗಾರನೂ ಸಿಕ್ಕಬೇಕು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟಗಳು ಮಣ್ಣಾದ ಬಳಿಕ, ರಾತ್ರಿಯ ಮಳೆಗೆ ಎಚ್ಚರವಾಗುವವರು ಈ ಸೀಮೆಯಲ್ಲಿ ಹೆಚ್ಚಿದ್ದಾರೆ.

ದೀಪ ಹಚ್ಚಿದ ಮೇಲೆ ಯಜಮಾನರು ತಮ್ಮ ಮೊಬೈಲನ್ನು ಅಂಗೈಯಷ್ಟಗಲದ ಸ್ಪೀಕರಿಗೆ ಹೊಂದಿಸಿದರು. ತಂಬೂರಿಯ ನಾದ ಕೇಳಿಸಿತು. ಗಂಭೀರವಾದ ಗಂಡುಧ್ವನಿಯೊಂದು ಒಂದು ಸ್ವರವನ್ನು ಎತ್ತಿತು, ಇಳಿಸಿತು, ಸುಮ್ಮನಾಯಿತು. ತಬಲೆಯವನು ಎಲ್ಲೋ ದೂರದ ಸಂಕವನ್ನು ದಾಟುತ್ತಿರುವವನಂತೆ ಒಂದೊಂದೇ ಹೆಜ್ಜೆಯನ್ನಿಡುತ್ತಿದ್ದನು. ತರುಣನು ಸ್ವಲ್ಪ ಹೊತ್ತು ತಾಳಿಕೊಂಡನು.

“ಹಾಡು ಇನ್ನೂ ಶುರುವಾಗಲಿಲ್ಲವೇ?”

“ಶುರುವಾಗಿ ಆರು ನಿಮಿಷವಾಯಿತು, ತಮಾ.”

ಅದು ಉಸ್ತಾದ್ ಅಮೀರ್ ಖಾನರ ಮಾರ್ವಾ. 1960ರಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಹೊರತಂದ ದೀರ್ಘವಾದನದ ತಟ್ಟೆಯೊಂದರ ಒಂದು ಪಕ್ಕ ಅದು. ಇನ್ನೊಂದು ಪಕ್ಕದಲ್ಲಿ ದರ್ಬಾರಿ. ಹಿಂದಿನ ಅರಗಿನ ತಟ್ಟೆಗಳಲ್ಲಿ ಪಕ್ಕವೊಂದಕ್ಕೆ ಮೂರು ನಿಮಿಷ ಚಿಲ್ಲರೆಯಷ್ಟೇ ಅವಕಾಶವಿತ್ತು. ಎಂಥ ಘನ ಗಾಯಕನೇ ಆಗಲಿ, ಆ ಮೂರು ನಿಮಿಷದಲ್ಲಿ ಆಲಾಪ, ತಾನಗಳನ್ನೆಲ್ಲ ಓಡುತ್ತಲೇ ಮುಗಿಸಬೇಕಾಗಿತ್ತು. ಮಿನಿಟಿಗೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತುವ ಹೊಸ ತಟ್ಟೆ ಬಂದ ಮೇಲೆ ನಿಧಾನಕ್ಕೂ ಸ್ಥಳ ದೊರಕಿತು. ಅಮೀರ್ ಖಾನರು ಆ ಸ್ಥಳವನ್ನು ತುಂಬಲು ಹೋಗಲಿಲ್ಲ ಎಂಬುದೇ ಆ ತಟ್ಟೆಯ ಸೊಗಸು. 14 ಮಾತ್ರೆಗಳ ಝೂಮ್ರಾ ತಾಳದ ಒಂದು ಆವರ್ತನೆಗೆ ಅವರಲ್ಲಿ ನಿಮಿಷದ ಆಸುಪಾಸು ಹಿಡಿಯುತ್ತದೆ. ಅಷ್ಟರಲ್ಲಿ ಕೇಳುಗನೊಬ್ಬನು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬರಬಹುದು. ಸಮ್ ತಪ್ಪಿಹೋಗುವ ಭಯವಿಲ್ಲ.

ಈ ಸಾವಧಾನದ ಗಾಯನಕ್ಕೆ ಕನ್ನಡ ನಾಡಿನೊಡನೆ ನೆಂಟಸ್ತಿಕೆಯುಂಟು. ಅತಿವಿಲಂಬಿತ ಲಯದ ಗುಟ್ಟನ್ನು ಅಮೀರ್ ಖಾನರು ಕಂಡುಕೊಂಡದ್ದು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರನ್ನು ಕೇಳಿ. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಮೊದಲು ಭಾವಗೀತೆ ಠುಮ್ರಿಗಳನ್ನೂ ಹಾಡುತ್ತಿದ್ದ ಆಕೆ ಬರಬರುತ್ತ ಅವನ್ನು ಬಿಟ್ಟು ಖ್ಯಾಲನ್ನೊಂದೇ ಉಳಿಸಿಕೊಂಡರು. ಧಾರವಾಡದ ಆಕಾಶವಾಣಿ 1950ರಲ್ಲಿ ಆರಂಭವಾದಂದಿನಿಂದ ಈ ಕಂಠಗಳು ಘಟ್ಟದ ಅಡಿಕೆಯ ಅಂಗಳಗಳಿಗೂ ಬಂದವು. ಸುಲಿಯುವ ಅಡಿಕೆಯ ರಾಶಿಯ ಮುಂದೆ ಕುಳಿತವರಿಗೆ ಮುಗಿಯಲೊಲ್ಲದ ಹಾಡು ಅನುಕೂಲವೇ ಆಯಿತೆನ್ನಬೇಕು.

ನಿಧಾನವೇನೋ ಸರಿ, ದುಃಖವೇಕೆ ಹಿತವಾಗಬೇಕು? ಪ್ರಶ್ನೆ ಹಳೆಯದು. ರಸಗಳಿಗೆಲ್ಲ ಕರುಣವೇ ಮೂಲವೆಂದು ‘ಉತ್ತರರಾಮಚರಿತ’ದಲ್ಲಿ ಹೇಳಿಸಿದ ಭವಭೂತಿಗೆ ಅದು ಪ್ರಶ್ನೆಯಾಗಿಯೇ ತೋರಲಿಲ್ಲ. ಮಾರ್ವಾದ ಮಟ್ಟಿಗೆ ಉತ್ತರವು ಸ್ವರಗಳ ಏರ್ಪಾಡಿನಲ್ಲೇ ಅಡಗಿದೆ. ಕರ್ನಾಟಕ ಸಂಗೀತ ಬಲ್ಲವರು ಗಮನಶ್ರಮ ಮೇಳವನ್ನು ನೆನೆದು ಅದರಿಂದ ಪಂಚಮವನ್ನು ತೆಗೆದರೆ ಮಾರ್ವಾದ ಸ್ವರಗಳು ಸಿಕ್ಕುತ್ತವೆ. ಒರಗಲು ಪಂಚಮವಿಲ್ಲ. ಇರುವ ಆಧಾರ ಷಡ್ಜವೊಂದೇ. ಅದನ್ನೂ ಗಾಯಕನು ಬೇಕೆಂದೇ ದೂರವಿಡುತ್ತಾನೆ. ಕೋಮಲ ರಿಷಭದ ಮೇಲೆ ನಿಲ್ಲುತ್ತಾನೆ, ಧೈವತದಲ್ಲಿ ತಂಗುತ್ತಾನೆ, ಮನೆಯ ಬಾಗಿಲವರೆಗೂ ಬಂದು ಪಕ್ಕದ ದಾರಿಯನ್ನು ಹಿಡಿಯುತ್ತಾನೆ. ತಂಬೂರಿ ಮಾತ್ರ ಷಡ್ಜವನ್ನು ಎಡೆಬಿಡದೆ ನುಡಿಯುತ್ತಿರುತ್ತದೆ. ಹೊತ್ತು ಮುಳುಗುವ ವೇಳೆಯ ರಾಗವಿದು. ಇಲ್ಲಿನ ಸಾಹಿತ್ಯವೂ ದೂರದೇಶಕ್ಕೆ ತೆರಳಿದ ಪ್ರಿಯನನ್ನು ಕುರಿತದ್ದು. ಅಮೀರ್ ಖಾನರು ಅಳುವುದಿಲ್ಲ, ಅಳಿಸಲೂ ಹೊರಡುವುದಿಲ್ಲ. ಸಿನಿಮಾ ಗೀತೆಯಲ್ಲಾಗಿದ್ದರೆ ಇಷ್ಟರಲ್ಲಿ ಇಪ್ಪತ್ತು ಪಿಟೀಲುಗಳು ಒಟ್ಟಿಗೆ ಮೊರೆಯುತ್ತಿದ್ದವು. ಇವರು ಒಂದೊಂದು ಸ್ವರವನ್ನು ಹೇಳಿ, ಅದು ಕೇಳುಗನಲ್ಲಿ ಏನು ಮಾಡುವುದೋ ಮಾಡಲಿ ಎಂದು ಬಿಡುವು ಕೊಡುತ್ತಾರೆ.

“ಇವರಿಗೆ ದಿನಾ ಇದೇ,” ಎಂದು ಮನೆಯಾಕೆ ಬಾಗಿಲಲ್ಲಿ ನಿಂತು ನಕ್ಕರು. “ಹೊರಗೆ ಮಳೆ ಸುರಿದದ್ದು ಸಾಲದೆ ಮನೆಯೊಳಗೂ ಬೇಕು. ಆದರೆ ಹಾಕದಿದ್ದ ದಿವಸ ನಾನೇ ಕೇಳುತ್ತೇನೆ, ಇವತ್ತು ಯಾಕೆ ಇಲ್ಲ ಎಂದು.”

“ಮಗ ಫೋನು ಮಾಡುವುದೂ ಇದೇ ಹೊತ್ತಿಗೆ,” ಎಂದರು ಯಜಮಾನರು. “ಮಳೆಗಾಲದಲ್ಲಿ ನೆಟ್‌ವರ್ಕ್ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಯುವುದಕ್ಕೆ ಏನಾದರೂ ಬೇಕಲ್ಲ. ಬೇಗ ಮುಗಿಯುವ ಹಾಡಾದರೆ ಮತ್ತೆ ಮತ್ತೆ ಹಾಕಬೇಕು.”

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಇಬ್ಬರೇ ಉಳಿದ ಜಗಲಿಗಳು ಇಂದು ಅಪರೂಪವಲ್ಲ. ಮಕ್ಕಳನ್ನು ಓದಿಸಿದ್ದು ತೋಟದ ದುಡ್ಡೇ. ಓದು ಅವರನ್ನು ತೋಟದಿಂದಾಚೆಗೆ ಕರೆದೊಯ್ದಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ, ದೂರಲಾಗದ ನೋವೇ ಬಹುಕಾಲ ಉಳಿಯುವುದು.

ಕರೆಂಟು ಹೋಯಿತು. ಸ್ಪೀಕರು ತನ್ನ ಬ್ಯಾಟರಿಯ ಬಲದಿಂದ ಹಾಡುತ್ತಲೇ ಇತ್ತು. ಕತ್ತಲೆಯಲ್ಲಿ ಮಳೆಯೂ ಕಂಠವೂ ಮಾತ್ರ ಇದ್ದಾಗ ಗಾಯಕನು ಒಮ್ಮೆ ಷಡ್ಜಕ್ಕೆ ಬಂದನು. ಮಂದ್ರದಿಂದ ಮೇಲೆ ಬಂದು, ರಿಷಭವನ್ನು ಮುಟ್ಟಿ, ಇಳಿದು ನಿಂತನು, ಅಷ್ಟೇ. ತರುಣನಿಗೆ ಸ್ವರಜ್ಞಾನವಿರಲಿಲ್ಲ, ಆದರೂ ಏನೋ ತಲುಪಿತೆಂದು ತಿಳಿಯಿತು, ತಾನು ಬಹಳ ಹೊತ್ತಿನಿಂದ ಉಸಿರು ಬಿಗಿಹಿಡಿದಿದ್ದೆನೆಂಬುದೂ ತಿಳಿಯಿತು. ಮರುಕ್ಷಣವೇ ಗಾಯಕನು ಅಲ್ಲಿಂದ ಹೊರಟುಹೋಗಿದ್ದನು.

ಹಾಡು ಮುಗಿದ ಮೇಲೆ ಯಜಮಾನರು ಟಾರ್ಚನ್ನೂ ಕಂಬಳಿಯನ್ನೂ ತೆಗೆದುಕೊಂಡು, ತೋಟದ ಬಸಿಗಾಲುವೆ ಕಟ್ಟಿಕೊಂಡಿದೆಯೋ ಎಂದು ನೋಡಿಬಂದರು. ಫೋನು ಬಂದಿರಲಿಲ್ಲ. ಸಂದೇಶವನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಒದಗುವಂತಿರಲಿಲ್ಲ. ತರುಣನು ಗಂಟಲು ಸರಿಪಡಿಸಿಕೊಂಡನು.

“ಆ ತಟ್ಟೆಗೆ ಇನ್ನೊಂದು ಪಕ್ಕ ಇದೆ ಎಂದಿರಲ್ಲ?”

“ಇದೆ. ದರ್ಬಾರಿ. ಅದು ನಡುರಾತ್ರಿಯದು,” ಎಂದರು ಯಜಮಾನರು ಕಂಬಳಿಯನ್ನು ಕೊಡವುತ್ತ. “ಮೊದಲು ಊಟವಾಗಲಿ.”