ಬಸ್ಸಿಲ್ಲದ ದಾರಿಯಲ್ಲಿ ನೆಲಮಂಗಲಕ್ಕೆ

ಒಂದು ಊರಿನ ಸೊಗಸನ್ನು ನೋಡಬೇಕಾದರೆ ಅದರ ಜಾತ್ರೆಯ ದಿನ ಹೋಗಬೇಕೆಂದು ಹಿರಿಯರು ಹೇಳುವುದುಂಟು. ಬೆಂಗಳೂರಿನ ಮಟ್ಟಿಗೆ ಈ ಮಾತಿಗೆ ನಾನೊಂದು ತಿದ್ದುಪಡಿಯನ್ನು ಸೂಚಿಸಬಯಸುತ್ತೇನೆ. ಈ ನಗರದ ಸೊಗಸನ್ನು ಯಾವಾಗ ಬೇಕಾದರೂ ನೋಡಬಹುದು. ಇದರ ಕಷ್ಟಸುಖವನ್ನು ಅರಿಯಬೇಕಾದವರು ಮಾತ್ರ ಬಸ್ಸುಗಳು ನಿಂತ ದಿನ ಇಲ್ಲಿನ ಬೀದಿಗಳಲ್ಲಿ ನಡೆಯಬೇಕು. 2025ರ ಆಗಸ್ಟ್ 5ರ ಬೆಳಿಗ್ಗೆ ಸಾರಿಗೆ ನೌಕರರ ಮುಷ್ಕರ ಮತ್ತೆ ಆರಂಭವಾಗಿ, ಉಚ್ಚ ನ್ಯಾಯಾಲಯದ ಮಾತಿನ ಮೇಲೆ ಅಂದೇ ನಿಂತುಹೋದಾಗ, ನನ್ನ ನೆನಪು ನಾಲ್ಕು ವರ್ಷ ಹಿಂದಕ್ಕೆ ಓಡಿತು. ಆಗಿನ ಮುಷ್ಕರ ಒಂದು ದಿನದ್ದಲ್ಲ, ಹದಿನೈದು ದಿನಗಳದು. ಅದರ ಮೊದಲ ದಿನ ನಾನು ಮಾಡಿದ ಒಂದು ಚಿಕ್ಕ ಪ್ರವಾಸದ ಕಥೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ನನ್ನ ಮನೆ ಹನುಮಂತನಗರದಲ್ಲಿ. ಪಾಠ ಹೇಳುವ ಕಾಲೇಜು ನೆಲಮಂಗಲದ ಆಚೆ. ಮನೆಯ ಬಳಿಯಿಂದ ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ನೆಲಮಂಗಲಕ್ಕೆ ಇನ್ನೊಂದು. ಎರಡನೆಯದೇ ಸುಮಾರು ಇಪ್ಪತ್ತೇಳು ಕಿಲೋಮೀಟರಿನ ದಾರಿ. ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ಉತ್ತರಪತ್ರಿಕೆಗಳನ್ನು ತಿದ್ದುವುದು, ಸಿಕ್ಕದಿದ್ದರೆ ಕಂಬಿಯನ್ನು ಹಿಡಿದುಕೊಂಡು ಅಂದಿನ ಪಾಠವನ್ನು ಮನಸ್ಸಿನಲ್ಲಿಯೇ ಒಪ್ಪಿಸಿಕೊಳ್ಳುವುದು ನನ್ನ ಅಭ್ಯಾಸ. ಬಸ್ಸೆಂಬುದು ನನ್ನ ಪಾಲಿಗೆ ಗಾಳಿ ಬೆಳಕಿನ ಹಾಗೆ. ಇದ್ದಾಗ ಅದರ ಯೋಚನೆಯೇ ಬಾರದು.

2021ರ ಏಪ್ರಿಲ್ 7, ಬುಧವಾರ. ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ನೌಕರರು ಅಂದಿನಿಂದ ಮುಷ್ಕರ ಹೂಡಿದ್ದರು. ಆರನೆಯ ವೇತನ ಆಯೋಗದ ಪ್ರಕಾರ ತಮಗೂ ಸಂಬಳವಾಗಬೇಕೆಂಬುದು ಅವರ ಮುಖ್ಯ ಬೇಡಿಕೆ. ಸರಕಾರವು ಶೇಕಡ 8ರಷ್ಟು ಹೆಚ್ಚಳಕ್ಕೆ ಒಪ್ಪಿ, ಅದಕ್ಕಿಂತ ಮುಂದೆ ಹೋಗಲಾರೆನೆಂದು ನಿಂತಿತ್ತು. ಇವೆಲ್ಲವನ್ನೂ ನಾನು ಪತ್ರಿಕೆಯಲ್ಲಿ ಓದಿದ್ದೆ. ಓದಿಯೂ ಎಂದಿನಂತೆ ಏಳು ಗಂಟೆಗೆ ಬಸ್‌ಸ್ಟಾಪಿಗೆ ಹೋಗಿ ನಿಂತೆನೆಂದರೆ, ಅದು ಅಭ್ಯಾಸಬಲವಲ್ಲದೆ ಮತ್ತೇನು?

ಅಲ್ಲಿ ನಾನೊಬ್ಬನೇ ಅಭ್ಯಾಸಕ್ಕೆ ಒಳಗಾದವನಾಗಿರಲಿಲ್ಲ. ಬಸವೇಶ್ವರನಗರದ ಮೂರು ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು, ಬಟ್ಟೆಯ ಅಂಗಡಿಯೊಂದರ ಇಬ್ಬರು ಗುಮಾಸ್ತರು, ಹೂವಿನ ಬುಟ್ಟಿಯ ಮುದುಕಿ ಒಬ್ಬಳು, ಇಷ್ಟು ಮಂದಿ ರಸ್ತೆಯ ತಿರುವನ್ನೇ ನೋಡುತ್ತ ನಿಂತಿದ್ದರು. ಆಟೋ ಒಂದು ಬಂದಿತು. ಚಾಲಕ ಹೇಳಿದ ಬಾಡಿಗೆಯನ್ನು ಕೇಳಿ ಗುಮಾಸ್ತರಿಬ್ಬರೂ ಪಾಲು ಹಾಕಿಕೊಂಡು ಹತ್ತಿದರು. ಅಡುಗೆಯ ಹೆಂಗಸು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

“ಅಷ್ಟು ಕೊಟ್ಟು ಹೋದರೆ ನಾನು ಇವತ್ತು ದುಡಿಯುವುದು ಆಟೋದವನಿಗೆ ಆಯಿತು ಸಾರ್,” ಎಂದಳು. “ಹೋಗದಿದ್ದರೆ ಆ ಮನೆಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ.”

ಇಷ್ಟು ಹೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಾಮರಾಜಪೇಟೆಯ ಕಡೆಗೆ ನಡೆಯತೊಡಗಿದಳು. ಬಸವೇಶ್ವರನಗರ ಅಲ್ಲಿಂದ ಹತ್ತಿರದ ಮಾತಲ್ಲ.

ನಾನೂ ನಡೆದೆ. ನನ್ನ ದಾರಿ ಗಾಂಧಿಬಜಾರಿನ ಮೇಲೆ ನ್ಯಾಷನಲ್ ಕಾಲೇಜಿನ ಮೆಟ್ರೋ ನಿಲ್ದಾಣಕ್ಕೆ. ಯುಗಾದಿಗೆ ಆರೇ ದಿನಗಳಿದ್ದವು. ಹೊಂಗೆಯ ಮರಗಳು ಹೂವನ್ನು ಕಾಲುದಾರಿಯ ಮೇಲೆ ಅವಲಕ್ಕಿಯಂತೆ ಚೆಲ್ಲಿದ್ದವು. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ ಬೀದಿಯಲ್ಲಿ ಇಷ್ಟು ಹೊಂಗೆಗಳಿವೆಯೆಂದು ನನಗೆ ತಿಳಿದೇ ಇರಲಿಲ್ಲ. ಆದರೆ ಈ ಆನಂದ ವಿರಾಮವಾಗಿ ನಡೆಯುವವನದು. ಕೂಲಿ ತಪ್ಪೀತೆಂದು ಓಡುವವನಿಗೆ ಹೊಂಗೆಯೂ ಒಂದೇ, ವಿದ್ಯುತ್ ಕಂಬವೂ ಒಂದೇ.

ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಸಣ್ಣದೊಂದು ಗೊಂದಲ ನಡೆದಿತ್ತು. ಕೊರೊನಾ ಕಾರಣದಿಂದ ಆಗ ಟೋಕನ್ನುಗಳ ಮಾರಾಟವನ್ನು ನಿಲ್ಲಿಸಿದ್ದರು. ಕಾರ್ಡು ಇದ್ದವರಿಗಷ್ಟೇ ಪ್ರವೇಶ. ಅಂದು ಮೊದಲ ಬಾರಿಗೆ ಮೆಟ್ರೋ ಹತ್ತಲು ಬಂದಿದ್ದ ಗಾರೆ ಕೆಲಸದವನೊಬ್ಬ, ಒಂದು ಸಲ ಹೋಗಿಬರುವುದಕ್ಕೆ ಕಾರ್ಡು ಯಾಕೆ ಕೊಳ್ಳಬೇಕೆಂದು ಕೇಳುತ್ತಿದ್ದ. ಪ್ರಶ್ನೆ ನ್ಯಾಯವಾದುದೇ. ಉತ್ತರ ಕೊಡಬೇಕಾದ ಕಾವಲುಗಾರ ತಾನೇ ಬನಶಂಕರಿಯಿಂದ ನಡೆದು ಬಂದವನು!

ಖಾಸಗಿ ಬಸ್ಸುಗಳು ನಿಲ್ದಾಣದೊಳಕ್ಕೇ ಬಂದು ಪ್ರಯಾಣಿಕರನ್ನು ಕರೆದೊಯ್ಯಲು ಸರಕಾರ ಅನುಮತಿ ಕೊಟ್ಟಿತ್ತು. ಆ ಆಸೆಯಿಂದ ನಾನು ಮೆಜೆಸ್ಟಿಕ್ಕಿನಲ್ಲಿ ಇಳಿದೆ.

ಮೆಜೆಸ್ಟಿಕ್ ಎಂದು ನಾವು ಹಳೆಯ ಚಿತ್ರಮಂದಿರವೊಂದರ ಹೆಸರಿನಿಂದ ಕರೆಯುವ ಈ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿದ್ದಿತು. ಪೇಟೆಯ ಜನ ಅದರ ನೀರನ್ನು ಕುಡಿದು ಬದುಕಿದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ಕಾಲಕ್ರಮದಲ್ಲಿ ಕೆರೆ ಬತ್ತಿ ಬಯಲಾಯಿತು, ಬಯಲು ಬಸ್ ನಿಲ್ದಾಣವಾಯಿತು. ನೀರು ಹೋಗಿ ಜನಪ್ರವಾಹ ಬಂದಿತೆಂದು ನಾನೇ ತರಗತಿಯಲ್ಲಿ ಎಷ್ಟೋ ಸಲ ಅಲಂಕಾರವಾಗಿ ಹೇಳಿದ್ದೇನೆ. ಅಂದು ಆ ಪ್ರವಾಹವೂ ಬತ್ತಿದ್ದಿತು. ಸಾಲು ಸಾಲಾದ ಅಂಕಣಗಳು, ಮೇಲೆ ಊರುಗಳ ಹೆಸರಿನ ಹಲಗೆಗಳು, ಕೆಳಗೆ ಒಂದು ಬಸ್ಸೂ ಇಲ್ಲ. ಹೊಗೆಯ ವಾಸನೆಯಿಲ್ಲದ ಮೆಜೆಸ್ಟಿಕ್ಕನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಾರಿವಾಳಗಳು ನಿರ್ಭಯವಾಗಿ ನೆಲಕ್ಕಿಳಿದು ಓಡಾಡುತ್ತಿದ್ದವು. ಕಡಲೆಕಾಯಿ ಮಾರುವವನು ಬಿಸಿಲಿಗೆ ಬುಟ್ಟಿಯನ್ನು ಮುಚ್ಚಿಟ್ಟು ಕಂಬಕ್ಕೊರಗಿ ನಿದ್ರೆ ಹೋಗಿದ್ದ.

ರಸ್ತೆಯಾಚೆಯ ದೂರದೂರುಗಳ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳು ನಿಂತಿದ್ದುದೇನೋ ನಿಜ. “ತುಮಕೂರ್, ತುಮಕೂರ್” ಎಂದು ಒಬ್ಬ ಹುಡುಗ ಕೂಗುತ್ತಿದ್ದ. ನೆಲಮಂಗಲಕ್ಕೆ ಬರಬಹುದೇ ಎಂದೆ. “ತುಮಕೂರಿನ ಚಾರ್ಜು ಕೊಟ್ಟರೆ ಎಲ್ಲಾದರೂ ಇಳಿಯಿರಿ ಸಾರ್. ಆದರೆ ತುಂಬಿದ ಮೇಲೆಯೇ ಹೊರಡುವುದು,” ಎಂದ. ಎಷ್ಟು ಹೊತ್ತಿಗೆ ತುಂಬೀತೆಂಬುದನ್ನು ಅವನೂ ಅರಿಯ, ನಾನೂ ಅರಿಯೆ. ಅಲ್ಲಿಯೇ ಕಲ್ಲುಕಟ್ಟೆಯ ಮೇಲೆ ವೃದ್ಧ ದಂಪತಿಗಳಿಬ್ಬರು ಕುಳಿತಿದ್ದರು. ಆಸ್ಪತ್ರೆಗೆಂದು ಹಿಂದಿನ ದಿನ ಕುಣಿಗಲ್ ಕಡೆಯಿಂದ ಬಂದವರು. ಮುದುಕನ ತೊಡೆಯ ಮೇಲೆ ಎಕ್ಸ್‌ರೇ ಚಿತ್ರದ ದೊಡ್ಡ ಲಕೋಟೆ. “ಬಸ್ಸು ನಿಲ್ಲುತ್ತದೆಂದು ನಮಗೆ ಯಾರೂ ಹೇಳಲಿಲ್ಲ ಸ್ವಾಮಿ,” ಎಂದನು. ಪತ್ರಿಕೆಯಲ್ಲಿ ಓದಿದ ನಾನೇ ನಂಬಲಿಲ್ಲ. ಓದಲು ಬಾರದ ಅವನನ್ನು ಏನೆಂದು ಸಮಾಧಾನಪಡಿಸಲಿ?

ಮತ್ತೆ ಮೆಟ್ರೋ ಹತ್ತಿದೆ. ಆಗ ಆ ಮಾರ್ಗ ನಾಗಸಂದ್ರಕ್ಕೆ ಮುಗಿಯುತ್ತಿದ್ದಿತು. ಯಶವಂತಪುರ ದಾಟಿದ ಮೇಲೆ ರೈಲು ತುಮಕೂರು ರಸ್ತೆಯ ನೆತ್ತಿಯ ಮೇಲೆಯೇ ಹೋಗುತ್ತದೆ. ಪೀಣ್ಯದ ಬಳಿ ಕೆಳಗೆ ನೋಡಿದೆ. ರಸ್ತೆಯ ಎರಡು ಅಂಚಿನಲ್ಲಿಯೂ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಗುಂಪು ಗುಂಪಾಗಿ ನಡೆದು ಹೋಗುತ್ತಿದ್ದರು. ಕೈಯಲ್ಲಿ ಊಟದ ಚೀಲ, ಮುಖಕ್ಕೆ ಬಟ್ಟೆಯ ಮುಸುಕು. ಹೊತ್ತು ಮೀರಿದ್ದುದರಿಂದ ಕೆಲವರು ಓಡುತ್ತಿದ್ದರು. ಮೇಲೆ ತಂಪಾದ ಡಬ್ಬಿಯಲ್ಲಿ ಕುಳಿತ ನನಗೂ ಕೆಳಗಿನ ಅವರಿಗೂ ನಡುವೆ ಇದ್ದ ಅಂತರ ನಾಲ್ಕಾಳಿನಷ್ಟು. ನಮ್ಮ ಮನೆ ಹಳಿಯ ಬಳಿಯಿದೆ, ಅವರ ಮನೆ ಇಲ್ಲ. ಅದೃಷ್ಟವೆಂಬುದಕ್ಕೆ ಇಷ್ಟೇ ಅರ್ಥ.

ನಾಗಸಂದ್ರದಿಂದ ಮುಂದೆ ತರಕಾರಿ ಇಳಿಸಿ ಹಿಂದಿರುಗುತ್ತಿದ್ದ ಟೆಂಪೋ ಒಂದರಲ್ಲಿ ಹದಿನಾಲ್ಕು ಜನ ನಿಂತು ಪ್ರಯಾಣ ಮಾಡಿದೆವು. ಕೋಸಿನ ಎಲೆಗಳ ಮೇಲೆ ಜಾರುತ್ತ, ಒಬ್ಬರ ಹೆಗಲನ್ನೊಬ್ಬರು ಹಿಡಿದು, ಸೋಂಕಿನ ಎರಡನೆಯ ಅಲೆಯ ಎಚ್ಚರಿಕೆಗಳನ್ನೆಲ್ಲ ದೇವರಿಗೆ ಒಪ್ಪಿಸಿ, ನೆಲಮಂಗಲವನ್ನು ಮುಟ್ಟುವಾಗ ಹತ್ತೂವರೆ. ಕಾಲೇಜಿನಲ್ಲಿ ಅಂದು ಅಂತಿಮ ಬಿ.ಎ. ತರಗತಿಗೆ ನನ್ನ ಕಿರುಪರೀಕ್ಷೆ. ನಲವತ್ತೆರಡು ಮಂದಿಯಲ್ಲಿ ಬಂದವರು ಹನ್ನೊಂದು. ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರಿನ ಮುಂದೆ ಗೀಟು ಎಳೆದು ಪ್ರಶ್ನೆಪತ್ರಿಕೆ ಹಂಚಿದೆ.

ಪರೀಕ್ಷೆ ಮುಗಿದು ಒಂದು ಗಂಟೆಯಾದ ಮೇಲೆ, ಅಧ್ಯಾಪಕರ ಕೊಠಡಿಯ ಬಾಗಿಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಬಂದು ನಿಂತಳು. ಚಪ್ಪಲಿಯ ಉಂಗುಷ್ಠ ಕಿತ್ತು, ಅದಕ್ಕೆ ಪಿನ್ನು ಚುಚ್ಚಿಕೊಂಡಿದ್ದಳು. ಆಕೆಯ ಹಳ್ಳಿಗೆ ದಿನಕ್ಕೆ ಎರಡೇ ಬಸ್ಸು. ಖಾಸಗಿಯವರು ಹೆದ್ದಾರಿಯನ್ನು ಬಿಟ್ಟು ಅತ್ತ ತಿರುಗಿಯೂ ನೋಡಿರಲಿಲ್ಲ. ಏಳು ಕಿಲೋಮೀಟರು ನಡೆದು, ಹೆದ್ದಾರಿಯಲ್ಲಿ ಸಿಕ್ಕಿದ ಗಾಡಿಗೆ ದುಡ್ಡು ಕೊಟ್ಟು ಬಂದಿದ್ದಳು. ವಿದ್ಯಾರ್ಥಿಗಳ ರಿಯಾಯಿತಿ ಪಾಸು ಚೀಲದಲ್ಲಿಯೇ ಇದ್ದಿತು. ಖಾಸಗಿ ಗಾಡಿಯಲ್ಲಿ ಅದಕ್ಕೆ ಬೆಲೆಯಿಲ್ಲ.

ನನ್ನ ಮೇಜಿನ ಮೂಲೆಯಲ್ಲಿಯೇ ಕೂಡಿಸಿ ಪರೀಕ್ಷೆ ಬರೆಸಿದೆ. ಕಾಗದವನ್ನು ಒಪ್ಪಿಸುವಾಗ ಆಕೆ ಮೆಲ್ಲನೆ ಹೇಳಿದಳು: “ನಾಳೆಯಿಂದ ಬರುವುದಕ್ಕೆ ಆಗುವುದಿಲ್ಲ ಸಾರ್. ಒಬ್ಬಳೇ ಅಷ್ಟು ದೂರ ನಡೆಯುವುದು ಬೇಡ, ಬಸ್ಸು ಬಂದರೆ ಹೋಗು ಅಂತ ನಮ್ಮಪ್ಪ ಹೇಳಿದ್ದಾರೆ. ಇವತ್ತು ಪರೀಕ್ಷೆ ಅಂತ ಅತ್ತು ಬಂದೆ.”

ಹಾಜರಿ ಪುಸ್ತಕದ ಮೂವತ್ತೊಂದು ಗೀಟುಗಳು ನನ್ನ ಕಣ್ಣ ಮುಂದೆ ಬಂದವು. ಬಸ್ಸು ತಡವಾದರೆ ನನಗೆ ಬೇಸರವಾಗುತ್ತದೆ, ನಿಂತರೆ ದಣಿವಾಗುತ್ತದೆ. ಆ ಹುಡುಗಿಗಾದರೋ ಬಸ್ಸೆಂದರೆ ತಂದೆಯ ಒಪ್ಪಿಗೆ. ಬೆಳಿಗ್ಗೆ ಎಂಟು ಗಂಟೆಗೆ ಹಳ್ಳಿಯ ಅರಳಿಕಟ್ಟೆಯ ಬಳಿ ಅದು ಬಂದು ನಿಂತರೆ ಆಕೆಯ ಓದು ಉಂಟು, ಬಾರದಿದ್ದರೆ ಇಲ್ಲ. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ನಾನು ಎಷ್ಟು ಸಭೆಗಳಲ್ಲಿ ಮಾತನಾಡಿಲ್ಲ! ಅದು ಇಷ್ಟು ತೆಳುವಾದ ದಾರದಿಂದ ತೂಗುತ್ತಿದೆಯೆಂದು ಅರಿತದ್ದು ಅಂದು.

ಹಾಗೆಂದು ಸಿಟ್ಟನ್ನು ಯಾರ ಮೇಲೆ ತೋರಿಸಲಿ? ನಮ್ಮ ಮನೆಯಿಂದ ಎರಡನೆಯ ಮನೆಯವರು ಸಾರಿಗೆ ಬಸ್ಸಿನ ಕಂಡಕ್ಟರು. ಅಂದು ರಾತ್ರಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಜಗಲಿಯಲ್ಲಿ ಕುಳಿತಿದ್ದವನಿಗೆ ಅವರು ಎದುರಾದರು. ಆ ಹುಡುಗಿಯ ಊರಿನ ಹೆಸರನ್ನು ಹೇಳಿದೆ. ಅವರ ಮುಖ ಚಿಕ್ಕದಾಯಿತು.

“ಆ ಕಡೆ ನಾನು ನೈಟ್ ಹಾಲ್ಟ್ ಮಾಡಿದ್ದೇನೆ ಮೇಷ್ಟ್ರೇ,” ಎಂದರು. “ರಾತ್ರಿ ಬಸ್ಸಿನ ಸೀಟಿನ ಮೇಲೆಯೇ ಮಲಗುವುದು, ಬೆಳಗಿನ ಜಾವ ಕೆರೆಯಲ್ಲಿ ಮುಖ ತೊಳೆಯುವುದು. ಆ ಹೆಣ್ಣುಮಕ್ಕಳು ಓಡಿ ಬರುತ್ತಿದ್ದರೆ ಡ್ರೈವರಿಗೆ ಹೇಳಿ ಎರಡು ನಿಮಿಷ ನಿಲ್ಲಿಸುತ್ತಿದ್ದೆ. ಅವರಿಗೆ ತೊಂದರೆಯಾಗಲಿ ಅಂತ ನಾವು ಕೂತಿಲ್ಲ. ಆದರೆ ನಾವು ನಿಲ್ಲಿಸದೆ ನಮ್ಮ ಮಾತನ್ನು ಯಾರು ಕೇಳುತ್ತಾರೆ, ನೀವೇ ಹೇಳಿ.”

ನಾನು ಹೇಳಲಾರದೆ ಹೋದೆ. ಐದು ದಿನಗಳ ಮೇಲೆ, ಯುಗಾದಿಯ ಹಿಂದಿನ ದಿನ, ರಾಜ್ಯದ ಊರೂರುಗಳಲ್ಲಿ ಸಾರಿಗೆ ನೌಕರರ ಹೆಂಡಿರು ಮಕ್ಕಳು ಬೀದಿಗೆ ಬಂದು ತಟ್ಟೆ ಲೋಟಗಳನ್ನು ಬಾರಿಸಿದರು. ಪತ್ರಿಕೆಯಲ್ಲಿ ಆ ಚಿತ್ರವನ್ನು ನೋಡಿದಾಗ ಖಾಲಿ ತಟ್ಟೆಯ ಸದ್ದೂ, ಖಾಲಿ ಅಂಕಣದ ಮೌನವೂ ಒಂದೇ ದುಃಖದ ಎರಡು ಮುಖಗಳಾಗಿ ನನಗೆ ತೋರಿದವು. 1948ರಲ್ಲಿ ಮೈಸೂರು ಸರಕಾರ 120 ಬಸ್ಸುಗಳೊಡನೆ ಆರಂಭಿಸಿದ ಸಾರಿಗೆ, ಲಾಭವಿಲ್ಲದ ಹಳ್ಳಿಯ ದಾರಿಗೂ ಬಸ್ಸನ್ನು ಕೊಂಡೊಯ್ದಿತು. ಹಾಗೆ ಕೊಂಡೊಯ್ಯುವುದರ ವೆಚ್ಚವನ್ನು ಯಾರು ಹೊರಬೇಕು? ಕಂಡಕ್ಟರ ಸಂಬಳವೇ, ಹಳ್ಳಿಯ ಹುಡುಗಿಯ ಓದೇ, ಅಥವಾ ನಾವೆಲ್ಲರೂ ಸೇರಿಯೇ? ಮುಷ್ಕರದ ದಿನಗಳಲ್ಲಿ ಮಾತ್ರ ಈ ಪ್ರಶ್ನೆಯನ್ನು ಕೇಳಿ, ಬಸ್ಸು ಬಂದೊಡನೆ ಕಿಟಕಿಯ ಸೀಟಿಗೆ ಓಡುವುದು ನಮ್ಮ ಪದ್ಧತಿ.

ಉಚ್ಚ ನ್ಯಾಯಾಲಯದ ಸೂಚನೆಯ ನಂತರ ಏಪ್ರಿಲ್ 21ರಂದು ಮುಷ್ಕರ ನಿಂತಿತು. ಬಸ್ಸು ಬಂದಿತು, ಆ ಹುಡುಗಿಯೂ ಬಂದಳು. ಆದರೆ ಒಂದು ವಾರದೊಳಗೆ ಸೋಂಕಿನ ನಿಮಿತ್ತ ರಾಜ್ಯವೇ ಬಾಗಿಲು ಹಾಕಿಕೊಂಡಿತು. ಕಾಲೇಜು ಮತ್ತೆ ತೆರೆದದ್ದು ಜುಲೈ ಕೊನೆಗೆ. ಅಂದು ಮೊದಲ ಬೆಂಚಿನಲ್ಲಿ ಆಕೆಯನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದೇ ಬಸ್ಸಿನಲ್ಲಿ ಬರುತ್ತಿದ್ದ ಇನ್ನಿಬ್ಬರು ಎಲ್ಲಿ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿ, “ಇಬ್ಬರಿಗೂ ಮದುವೆ ಆಯಿತು ಸಾರ್,” ಎಂದಳು.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಿತು. ರಿಯಾಯಿತಿ ಪಾಸಿಗಾಗಿ ಹಣ ಹೊಂದಿಸುವ ಚಿಂತೆ ಹಳ್ಳಿಯ ಹೆಣ್ಣುಮಕ್ಕಳಿಗೆ ತಪ್ಪಿತು. ಈಗಲೂ ಬೆಳಿಗ್ಗೆ ಹೋಗುವಾಗ, ಹೆದ್ದಾರಿಯಿಂದ ಹಳ್ಳಿಯ ದಾರಿ ಕವಲೊಡೆಯುವ ಕಡೆ ನಾನು ಕತ್ತೆತ್ತಿ ನೋಡುತ್ತೇನೆ. ಧೂಳೆಬ್ಬಿಸುತ್ತ ಒಂದು ಕೆಂಪು ಬಸ್ಸು ಬರುವುದು ಕಂಡರೆ, ಕೈಯಲ್ಲಿನ ಉತ್ತರಪತ್ರಿಕೆಗಳನ್ನು ನೆಮ್ಮದಿಯಿಂದ ತಿದ್ದತೊಡಗುತ್ತೇನೆ.