ಎಣಿಕೆಗೆ ಸಿಗದ ಮಕ್ಕಳು

ಹಡಗಿನ ಮೇಲೆ ಮಕ್ಕಳನ್ನು ಆಡಿಸುವುದೂ ಒಂದು ನೌಕರಿ. ಅದಕ್ಕೆ ತಿಂಗಳ ಪಗಾರ ಉಂಟು, ಮೂರು ಹೊತ್ತು ಊಟ ಉಂಟು, ಮಲಗಲು ಒಂದು ಮಂಚ ಉಂಟು. ಹೀಗೆಂದು ಹೇಳಿದಾಗ ನಮ್ಮ ಕೇರಿಯಲ್ಲಿ ಯಾರೂ ನಂಬಲಿಲ್ಲ. "ಹುಡುಗರನ್ನ ಆಡಸಾಕ ಯಾರರ ರೊಕ್ಕಾ ಕೊಡ್ತಾರೇನೋ ತಮ್ಮಾ? ನಮ್ಮ ಹುಡುಗರು ತಾವ ಆಡ್ತಾವು, ತಾವ ಅಳ್ತಾವು, ತಾವ ಮಕ್ಕೊಂತಾವು" ಅಂದಳು ಒಬ್ಬ ಆಯಿ. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ನೋಡಿಕೊಳ್ಳುವವರಿಲ್ಲದೆ ಬೆಳೆದ ಎಷ್ಟೋ ತಲೆಮಾರುಗಳ ಕತೆಯನ್ನು ಆಕೆ ಮೂರೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು.

ನಾವು ಅಂದರೆ ಕುಳಗೇರಿ ಕ್ರಾಸಿನ ಸುತ್ತಿನ ಹಳ್ಳಿಗಳಿಂದ, ಊರ ಹೊರಗಿನ ಕೇರಿಗಳಿಂದ, ಬಿ.ಎ. ಪಾಸಾಗಿ ಹೊರಬಿದ್ದ ಮೂವರು. ನಮ್ಮ ಮನೆಗಳಲ್ಲಿ ಡಿಗ್ರಿ ಎಂಬ ಕಾಗದ ಕಂಡವರಲ್ಲಿ ನಾವೇ ಮೊದಲಿಗರು. ನೌಕರಿ ಸಿಗುವ ತನಕ ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದೆವು, ರದ್ದಿ ಪೇಪರಿನಲ್ಲಿ ಮುಖವಾಡ ಮಾಡಿಸುತ್ತಿದ್ದೆವು, ಬೀದಿನಾಟಕ ಆಡಿಸುತ್ತಿದ್ದೆವು. ಮುಂಬಯಿಯಲ್ಲಿದ್ದ ಗೆಳೆಯನೊಬ್ಬ ಇದೇ ಕೆಲಸ ಹಡಗಿನಲ್ಲೂ ಇದೆ ಎಂದ. ಕುಟುಂಬ ಸಮೇತ ವಿಹಾರಕ್ಕೆ ಹೋಗುವವರ ಹಡಗು. ಮುಂಬಯಿಯಿಂದ ಹೊರಟು ಗೋವಾ ಮುಟ್ಟಿ ತಿರುಗಿ ಬರುವುದು. ಅಪ್ಪ ಅವ್ವ ಕುಣಿಯಲು, ಈಸಲು, ಉಣ್ಣಲು ಹೋದಾಗ ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು. ನಾವು ಹೋದೆವು.

ಹೋಗುವ ಮುಂಚೆ ತರಬೇತಿ. ಹಡಗಿನಲ್ಲಿ ಯಾವ ಕೆಲಸ ಮಾಡುವವನೇ ಆಗಲಿ, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದನ್ನು ಕಲಿತಿರಬೇಕು. ಲೈಫ್ ಜಾಕೆಟ್ ತೊಟ್ಟು ಎತ್ತರದಿಂದ ಕೊಳಕ್ಕೆ ಹಾರಬೇಕು. ತಲೆಕೆಳಗಾಗಿ ಬಿದ್ದ ರಬ್ಬರ್ ತೆಪ್ಪವನ್ನು ನೀರಿನಲ್ಲಿದ್ದೇ ಮಗುಚಬೇಕು. ನಮ್ಮ ಮೂವರಲ್ಲಿ ಒಬ್ಬರಿಗೂ ಈಸು ಬರುತ್ತಿರಲಿಲ್ಲ. ಊರ ಬಾವಿಯಲ್ಲಿ ಮೇಲೋಣಿಯ ಹುಡುಗರು ಬೆಂಡು ಕಟ್ಟಿಕೊಂಡು ಈಸು ಕಲಿಯುತ್ತಿದ್ದರೆ ನಾವು ದೂರದ ದಂಡೆಯಲ್ಲಿ ದನ ಕಾಯುತ್ತ ನೋಡಿದವರು. ಆ ನೀರು ನಮ್ಮದಲ್ಲ ಎಂದು ನಮಗೆ ಯಾರೂ ಬೋರ್ಡು ಬರೆದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚೌದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರ ಸಂಗಡ ನಡೆದು ಹೋಗಿ ಬೊಗಸೆ ನೀರು ಕುಡಿದರು. ಮುಂಬಯಿಯಿಂದ ಗೋವಾಕ್ಕೆ ಹೋಗುವ ಹಡಗಿನ ಎಡಕ್ಕೆ ಕಾಣುವ ಕೊಂಕಣದ ಒಳನಾಡಿನಲ್ಲೇ ಆ ಮಹಾಡ ಇದೆ. ಹಡಗಿನ ಪ್ರವಾಸಿಗರಿಗೆ ಅದನ್ನು ಯಾರೂ ತೋರಿಸುವುದಿಲ್ಲ. ಕತ್ತಲಲ್ಲಿ ಡೆಕ್ಕಿನ ಮೇಲೆ ನಿಂತು ನಾವು ನಾವೇ ಆ ದಿಕ್ಕು ನೋಡಿಕೊಂಡೆವು.

ಈಗ ಕೆಲಸದ ಮಾತು. ಮಕ್ಕಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡುತ್ತಾರೆ. ಮೂರರಿಂದ ಐದರವರು ಒಂದು ಕೋಣೆ, ಆರರಿಂದ ಎಂಟರವರು ಇನ್ನೊಂದು, ದೊಡ್ಡವರು ಮತ್ತೊಂದು. ಅಪ್ಪನೋ ಅವ್ವನೋ ಸಹಿ ಮಾಡಿ ಮಗುವನ್ನು ಒಪ್ಪಿಸಬೇಕು, ಸಹಿ ಮಾಡಿಯೇ ಕರೆದುಕೊಂಡು ಹೋಗಬೇಕು. ಕಡಲೆಕಾಯಿ ತಿಂದರೆ ಮೈಗೆ ಆಗದ ಮಗು ಯಾವುದು, ರಾತ್ರಿ ಹೆದರುವ ಮಗು ಯಾವುದು, ಎಲ್ಲವೂ ಪುಸ್ತಕದಲ್ಲಿ ಬರೆದಿರಬೇಕು. ಮಗುವಿನ ಕೈಗೆ ಒಂದು ಪಟ್ಟಿ. ಅಪಾಯ ಬಂದರೆ ಆ ಮಗು ಯಾವ ಜಾಗಕ್ಕೆ ಸೇರಬೇಕೆಂದು ಅದರ ಮೇಲೆ ಗುರುತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಎಣಿಕೆ. ಹೋಗಿ ಮುಟ್ಟಿದ ಮೇಲೆ ಎಣಿಕೆ. ಊಟಕ್ಕೆ ಕೂತಾಗ ಎಣಿಕೆ. ಲೆಕ್ಕ ಒಂದು ತಪ್ಪಿತೆಂದರೆ ವಾಕಿಟಾಕಿಗಳು ಕೂಗತೊಡಗುತ್ತವೆ, ಹಡಗಿನ ಆರೇಳು ಮಹಡಿಗಳಲ್ಲಿ ಹುಡುಕಾಟ. ಒಂದು ಸಲ ನಾಲ್ಕು ವರ್ಷದ ಹುಡುಗಿ ಪರದೆಯ ಹಿಂದೆ ನಿದ್ದೆ ಹೋಗಿದ್ದಳು. ಹತ್ತು ನಿಮಿಷದಲ್ಲಿ ದೊಡ್ಡ ಅಧಿಕಾರಿಗಳೇ ಇಳಿದು ಬಂದರು.

ಇದೆಲ್ಲ ಕಂಪನಿಯ ಧರ್ಮಬುದ್ಧಿಯಲ್ಲ, ಕಾನೂನು. ಪ್ರಯಾಣಿಕರ ಸಂಖ್ಯೆಯ ನೂರಕ್ಕೆ ಹತ್ತರಷ್ಟು ಮಕ್ಕಳ ಅಳತೆಯ ಲೈಫ್ ಜಾಕೆಟ್ ಹಡಗಿನಲ್ಲಿ ಇರಲೇಬೇಕು. ಮಕ್ಕಳು ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಮಗುವಿಗೂ ಒಂದು ಇರಬೇಕು. ಒಂದು ಮಗುವೂ ಹೊರಗೆ ಉಳಿಯುವಂತಿಲ್ಲ.

ಈ ಕಾನೂನು ಎಲ್ಲಿಂದ ಬಂತು? ಸತ್ತವರಿಂದ ಬಂತು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿತು. ಬ್ರಿಟಿಷ್ ವಿಚಾರಣೆಯ ಲೆಕ್ಕದಲ್ಲಿ ಎರಡನೇ ದರ್ಜೆಯ 24 ಮಕ್ಕಳೂ ಬದುಕಿದರು. ಮೂರನೇ ದರ್ಜೆಯ 79 ಮಕ್ಕಳಲ್ಲಿ ಬದುಕಿದ್ದು 27. ಅದೇ ಹಡಗು, ಅದೇ ನೀರು, ಅದೇ ಥಂಡಿ. ಟಿಕೀಟು ಮಾತ್ರ ಬೇರೆ. 1914ರಲ್ಲಿ ಲಂಡನ್ನಿನಲ್ಲಿ ದೇಶಗಳು ಕೂಡಿ ಸಮುದ್ರದಲ್ಲಿ ಜೀವ ಕಾಯುವ ಒಪ್ಪಂದ ಮಾಡಿಕೊಂಡವು. ಆಮೇಲೂ ಹೆಣಗಳು ಬಿದ್ದಾಗಲೆಲ್ಲ ಅದು ಬೆಳೆಯಿತು. 2012ರ ಜನವರಿಯಲ್ಲಿ ಇಟಲಿಯ ದಂಡೆಯಲ್ಲಿ ಕೋಸ್ಟಾ ಕೊಂಕೋರ್ಡಿಯಾ ಉರುಳಿ 32 ಜನ ಸತ್ತರು. ಅಂದೇ ಹತ್ತಿದ ಪ್ರಯಾಣಿಕರಿಗೆ ಜೀವರಕ್ಷಣೆಯ ಕವಾಯತು ಇನ್ನೂ ಆಗಿರಲಿಲ್ಲ. 2015ರಿಂದ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆ ಕವಾಯತು ಆಗಲೇಬೇಕೆಂಬ ನಿಯಮ ಬಂತು. ಸಮುದ್ರದ ಮೇಲಿನ ಪ್ರತಿಯೊಂದು ಎಣಿಕೆಯ ಹಿಂದೆ ಎಣಿಸದೆ ಬಿಟ್ಟ ಯಾರೋ ಇದ್ದಾರೆ.

ನಾವು ಮಲಗುತ್ತಿದ್ದುದು ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ. ಮೇಲೊಂದು ಕೆಳಗೊಂದು ಮಂಚ, ನಡುವೆ ಪರದೆ. ಹಗಲೋ ರಾತ್ರಿಯೋ ಗಡಿಯಾರ ನೋಡಿಯೇ ತಿಳಿಯಬೇಕು. ಗೋಡೆಯ ಆಚೆ ಇಂಜಿನ್ನಿನ ಗುಡುಗು. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕೆಂದು 2006ರ ಕಡಲ ಕಾರ್ಮಿಕರ ಒಪ್ಪಂದ ಹೇಳುತ್ತದೆ; ಭಾರತ 2015ರಲ್ಲಿ ಅದಕ್ಕೆ ಸಹಿ ಹಾಕಿದೆ. ಕಾಗದದಲ್ಲಿ ನಮ್ಮ ವಿಶ್ರಾಂತಿಯ ಲೆಕ್ಕ ಸರಿಯಾಗಿರುತ್ತಿತ್ತು. ಕಣ್ಣು ಬೇರೆ ಲೆಕ್ಕ ಹೇಳುತ್ತಿದ್ದವು. ಮಕ್ಕಳ ಮುಂದೆ ನಗುವುದು ಮಾತ್ರ ಕಡ್ಡಾಯ. ಜ್ವರ ಬಂದರೂ ಮೂಗಿಗೆ ಕೆಂಪು ಚೆಂಡು ಸಿಗಿಸಿಕೊಂಡು ಕುಣಿಯಬೇಕು. ನಮ್ಮ ಸಂಗಡ ಫಿಲಿಪ್ಪೀನ್ಸಿನ ಒಬ್ಬ ಅಕ್ಕ ಇದ್ದಳು. ಆಕೆಯ ಇಬ್ಬರು ಮಕ್ಕಳು ಅಲ್ಲಿ ಅಜ್ಜಿಯ ಹತ್ತಿರ. ದಿನವಿಡೀ ಬೇರೆಯವರ ಮಕ್ಕಳಿಗೆ ಜೋಗುಳ ಹಾಡಿ ಬಂದು, ಬಂದರಿನಲ್ಲಿ ಫೋನ್ ಸಿಕ್ಕಾಗ ತನ್ನ ಮಕ್ಕಳಿಗೆ ಹಾಡುತ್ತಿದ್ದಳು. ಆಕೆಯ ಭಾಷೆ ನಮಗೆ ತಿಳಿಯಲಿಲ್ಲ. ಕೂಲಿಗೆ ಹೋಗುವಾಗ ನಮ್ಮ ಅವ್ವಂದಿರು ಕೂಸನ್ನು ಹಿರಿಯ ಅಕ್ಕನ ಬಗಲಿಗೆ ಕೊಟ್ಟು ತಿರುಗಿ ನೋಡದೆ ನಡೆಯುತ್ತಿದ್ದರಲ್ಲ, ಅದು ನೆನಪಾಯಿತು.

ಆಟದ ವಿಷಯಕ್ಕೆ ಬಂದರೆ ನಮಗೆ ಬಂಡವಾಳ ಕಡಿಮೆ ಇರಲಿಲ್ಲ. ಗಜಗದ ಬದಲು ಬಣ್ಣದ ಮಣಿ ಇಟ್ಟು ಗಜಗದಾಟ ಕಲಿಸಿದೆವು. ಸುಣ್ಣದ ಕಡ್ಡಿಯಲ್ಲಿ ಗೆರೆ ಹೊಡೆದು ಕುಂಟಾಟ, ಹುಲಿ-ಕುರಿ ಆಟ. ಕೋಟಿಗಟ್ಟಲೆಯ ಫ್ಲಾಟಿನಿಂದ ಬಂದ ಮಕ್ಕಳು ಯಂತ್ರದಾಟ ಬಿಟ್ಟು ನೆಲಕ್ಕೆ ಕೂತವು. ಎಲ್ಲಕ್ಕಿಂತ ಹೆಚ್ಚು ಅವಕ್ಕೆ ಸೇರಿದ್ದು ಮುಟ್ಟಾಟ. ನಾವು ಓಡುವುದು, ಇಪ್ಪತ್ತು ಮಕ್ಕಳು ಬೆನ್ನಟ್ಟಿ ಬಂದು ನಮ್ಮ ಮೈಮೇಲೆ ಬೀಳುವುದು. ನಮ್ಮ ಶಾಲೆಯ ಅಂಗಳದಲ್ಲೂ ಮುಟ್ಟಾಟ ಇತ್ತು. ಅಲ್ಲಿ ನಮ್ಮನ್ನು ಯಾರೂ ಮುಟ್ಟುತ್ತಿರಲಿಲ್ಲ, ನಮ್ಮಿಂದ ಮುಟ್ಟಿಸಿಕೊಳ್ಳುತ್ತಲೂ ಇರಲಿಲ್ಲ. ಹಾಗಾಗಿ ನಾವು ಆಟದಲ್ಲೇ ಇರಲಿಲ್ಲ. ಹಡಗಿನ ಮಕ್ಕಳಿಗೆ ಅದೆಲ್ಲ ತಿಳಿಯದು. ಅವರ ಹಿರಿಯರಿಗೆ ತಿಳಿದಿತ್ತು. ಎದೆಯ ಮೇಲಿನ ಬಿಲ್ಲೆಯಲ್ಲಿ ನಮ್ಮ ಹೆಸರಷ್ಟೇ ಇರುತ್ತಿತ್ತು, ಅಡ್ಡಹೆಸರು ಇರುತ್ತಿರಲಿಲ್ಲ. "ಹೆಸರು ಚಲೋ ಐತಿ. ಅಡ್ಡಹೆಸರೇನು?" ಎಂದು ಕನ್ನಡ ಬಲ್ಲ ಒಬ್ಬ ತಾಯಿ ನಗುನಗುತ್ತ ಕೇಳಿದಳು. ನಾವು ಹೇಳಿದೆವು. ಮುಚ್ಚಿಡುವ ಕಾರಣ ನಮಗಿರಲಿಲ್ಲ. ಮರುದಿನ ಆಕೆಯ ಮಗ ಬರಲಿಲ್ಲ. ಮೂರನೇ ದಿನ ಅತ್ತೂ ಕರೆದೂ ತಾನೇ ಓಡಿ ಬಂದ. ಪುಸ್ತಕದಲ್ಲಿ ಆಕೆ ಸಹಿ ಮಾಡಲೇಬೇಕಾಯಿತು.

ಹಡಗು ಗೋವಾದ ಮೊರ್ಮುಗಾವ್ ಬಂದರಿನಲ್ಲಿ ನಿಲ್ಲುತ್ತದೆ. ಪ್ರವಾಸಿಗರು ಚರ್ಚು, ಕಡಲದಂಡೆ ನೋಡಲು ಹೋಗುತ್ತಾರೆ. ನಮಗೆ ಬಿಡುವು ಸಿಕ್ಕಿದ ದಿನ ನಾವು ಬೈನಾಕ್ಕೆ ಹೋದೆವು. ಬಂದರಿಗೆ ಹತ್ತಿರವೇ. ಬಾಗಲಕೋಟೆ, ವಿಜಯಪುರ, ಗದಗಿನ ಕಡೆಯಿಂದ ದುಡಿಯಲು ಹೋದವರು ದಶಕಗಳ ಕಾಲ ನೆಲೆಸಿದ ಜಾಗ ಅದು. ಬನಶಂಕರಿ ಜಾತ್ರೆ ಮುಗಿಯಿತೆಂದರೆ ಕುಳಗೇರಿ ಕ್ರಾಸಿನಲ್ಲಿ ಗಂಟುಮೂಟೆ ಕಟ್ಟಿ ನಿಂತವರನ್ನು ನೋಡಿ. ಹುಬ್ಬಳ್ಳಿ ಕಡೆಯಿಂದ ಬಂದ ಪ್ರವಾಸಿಗರ ಕಾರುಗಳು ಇಲ್ಲಿ ಬಾದಾಮಿಯ ಗುಹೆಗಳ ಕಡೆ ತಿರುಗುತ್ತವೆ. ಅದೇ ಕ್ರಾಸಿನಲ್ಲಿ ನಮ್ಮ ಮಂದಿ ಗೋವಾಕ್ಕೋ ಮಂಗಳೂರಿಗೋ ಹೋಗಲು ಬಸ್ಸು ಕಾಯುತ್ತಾರೆ. ಮಿರಗದ ಮಳೆ ಬಿದ್ದಾಗ ತಿರುಗಿ ಬಂದರೆ ಬಂದರು. ಮಹದಾಯಿ ನೀರು ಮಲಪ್ರಭೆಗೆ ಬರಲಿ ಎಂದು ಪಕ್ಕದ ನರಗುಂದದಲ್ಲಿ 2015ರಲ್ಲಿ ರೈತರು ಧರಣಿ ಕೂತರು. 2018ರಲ್ಲಿ ನ್ಯಾಯಾಧಿಕರಣ 13.42 ಟಿಎಂಸಿ ಕರ್ನಾಟಕದ ಪಾಲೆಂದಿತು. ನೀರು ಈ ಕಡೆ ಬರುವ ಮೊದಲೇ ನಮ್ಮ ಮಂದಿ ಆ ಕಡೆ ಹರಿದು ಹೋದರು.

ಬೈನಾದಲ್ಲಿ 2004ರಲ್ಲಿ ಗೋವಾ ಸರ್ಕಾರ ಗುಡಿಸಲುಗಳನ್ನು ಕೆಡವಿತು. 2017ರ ಸೆಪ್ಟೆಂಬರಿನಲ್ಲಿ ಕನ್ನಡಿಗರ ಮನೆಗಳ ಮೇಲೆ ಮತ್ತೆ ಜೆಸಿಬಿ ಹರಿಯಿತು. ಉಳಿದವರು ಅಲ್ಲಿ ಇಲ್ಲಿ ಚದುರಿದ್ದಾರೆ. ನಮ್ಮ ಸೀಮೆಯ ಒಬ್ಬ ಚಿಗವ್ವ ಕಟ್ಟಡದ ಕೆಲಸದಲ್ಲಿ ಸಿಕ್ಕಳು. ಮೂರನೇ ಮಹಡಿಗೆ ಬುಟ್ಟಿ ಹೊರುತ್ತಿದ್ದಳು. ಕೆಳಗೆ ಮರಳಿನ ಗುಡ್ಡೆಯ ಮೇಲೆ ಆಕೆಯ ಮಗಳು, ಐದಾರು ವರ್ಷದವಳು, ತಮ್ಮನನ್ನು ಆಡಿಸುತ್ತ ಕೂತಿದ್ದಳು. ಪಕ್ಕದಲ್ಲೇ ನೀರು ತುಂಬಿದ ಗುಂಡಿ, ಮೊಳೆ ಕಿತ್ತ ಹಲಗೆಗಳು.

"ಚಿಗವ್ವಾ, ಇವಳ ಸಾಲಿ?"

"ಊರಾಗಿನ ಸಾಲ್ಯಾಗ ಹೆಸರು ಐತ್ಯಪಾ."

ನಾವು ಮುಂದೆ ಮಾತಾಡಲಿಲ್ಲ. ನಾಲ್ಕು ಗಂಟೆಗೆ ಹಡಗು ಸೇರಬೇಕಿತ್ತು. ಸೇರಿದೆವು, ನಮ್ಮ ಕೋಣೆಯ ಮಕ್ಕಳನ್ನು ಎಣಿಸಿದೆವು. ಎಲ್ಲ ಸರಿಯಾಗಿತ್ತು.

ಗೆಳೆಯರೇ, ನೆಲದ ಮೇಲೆ ಕಾನೂನು ಇಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ತಿ. ನರಸೀಪುರದಲ್ಲಿ. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಿಕ್ಷಣ ಹಕ್ಕು. ಆಟವೂ ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳಿತು. 1992ರಲ್ಲಿ ಭಾರತ ಅದನ್ನು ಒಪ್ಪಿತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕು ಎಂದಿತ್ತು. ಯಾವಾಗ? ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುತ್ತಿದ್ದರೆ! ಚಿಗವ್ವನ ಸಂಗಡ ಇದ್ದವರು ಹನ್ನೊಂದು ಮಂದಿ. ಹಡಗಿನಲ್ಲಿ ಒಂದೇ ಮಗು ಹೆಚ್ಚಾದರೂ ಇನ್ನೊಂದು ಜಾಕೆಟ್ ತರಬೇಕು. ಇಲ್ಲಿ ಐವತ್ತು ತಾಯಂದಿರು ದಾಟಿದರೆ ಮಾತ್ರ ಮಗು ಲೆಕ್ಕಕ್ಕೆ ಬರುತ್ತಿತ್ತು. ಎರಡೂ ಕಾನೂನೇ. ಒಂದನ್ನು ಬರೆದವರ ಮಕ್ಕಳೂ ಹಡಗು ಹತ್ತುತ್ತಿದ್ದರು. ಇನ್ನೊಂದನ್ನು ಬರೆದವರ ಮಕ್ಕಳು ಮರಳಿನ ಗುಡ್ಡೆಯ ಮೇಲೆ ಕೂತವರಲ್ಲ.

ಹಡಗಿನ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ಅವು ನಮ್ಮನ್ನು ಮುಟ್ಟಿದ ಮಕ್ಕಳು. ಅವಕ್ಕೆ ಸಿಗುವ ಕಾವಲು ಎಲ್ಲ ಮಕ್ಕಳಿಗೂ ಸಿಗಬೇಕೆಂಬುದಷ್ಟೇ ನಮ್ಮ ತಕರಾರು. ಅದು ಆಗದ ಮಾತೂ ಅಲ್ಲ. ಸಾವಿರಾರು ಜನ ತುಂಬಿದ ತೇಲುವ ಊರಿನಲ್ಲಿ ಒಂದು ಮಗು ಪರದೆಯ ಹಿಂದೆ ಮಲಗಿದರೆ ಹತ್ತು ನಿಮಿಷದಲ್ಲಿ ಹುಡುಕುತ್ತಾರೆ ಎಂದ ಮೇಲೆ, ಒಂದು ತಾಲೂಕಿನಿಂದ ಬಸ್ಸು ಹತ್ತಿದ ಮಕ್ಕಳನ್ನು ಹುಡುಕಲಾಗದು ಎಂಬ ಮಾತನ್ನು ನಾವು ಇನ್ನು ನಂಬುವುದಿಲ್ಲ.

ಈ ಪುಟ ಓದುವ ಮಾಸ್ತರರಿಗೆ, ಅಕ್ಕೋರಿಗೆ ಒಂದು ಮಾತು. ನಮ್ಮ ಶಾಲೆಗಳಲ್ಲಿ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ ಇದೆ. ಸಂಖ್ಯೆ ಊರಲ್ಲಿ ಉಳಿಯುತ್ತದೆ, ಮಗು ಬಸ್ಸು ಹತ್ತುತ್ತದೆ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಗೆರೆ ಎಳೆಯುವಾಗ ಆ ಮಗು ಯಾವ ಊರಿಗೆ ಹೋಯಿತು, ಯಾರ ಸಂಗಡ, ಯಾವ ಕೆಲಸದ ಜಾಗಕ್ಕೆ, ಅಷ್ಟನ್ನು ಪಕ್ಕದಲ್ಲಿ ಬರೆಯಿರಿ. ಪಂಚಾಯ್ತಿಗೆ ಒಂದು ಪ್ರತಿ ಕೊಡಿ, ಸಂಘಟನೆಗೆ ಒಂದು ಕೊಡಿ. ಅಲ್ಲಿನ ಗೆಳೆಯರಿಗೆ ನಾವು ಮುಟ್ಟಿಸುತ್ತೇವೆ, ಅಲ್ಲಿನ ಶಾಲೆಯ ಬಾಗಿಲು ಬಡಿಯುವ ಕೆಲಸ ಅವರದು. ಈ ಸಲ ಜಾತ್ರೆ ಮುಗಿದ ಮಾರನೇ ದಿನದಿಂದ ನಾವು ಮೂವರೂ ಕುಳಗೇರಿ ಕ್ರಾಸಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಹಿಡಿದು ನಿಲ್ಲುತ್ತೇವೆ. ಹೆಸರು, ವಯಸ್ಸು, ಶಾಲೆ, ಹೊರಟ ಊರು. ಬಸ್ಸು ಬರುವ ತನಕ ಮಕ್ಕಳಿಗೆ ಮುಟ್ಟಾಟವೂ ಇರುತ್ತದೆ. ಬರುವವರು ಬನ್ನಿ. ಪೆನ್ನು ನೀವೇ ತನ್ನಿ.